ಉಮೇದುವಾರಿಕೆ, ಅನುಮೋದನೆ ಮತ್ತು ಜನಾಭಿಪ್ರಾಯ: ಹೊಸಪೇಟೆ ಸೀಮೆಯ 1999ರ ಚುನಾವಣೆಯನ್ನು ಕುರಿತು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಧ್ಯಕ್ಷ ಪದವಿಯ ಚುನಾವಣೆಯ ವಾರ್ತೆಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಶಬ್ದಗಳ ಬಳಿ ತಡೆದು ನಿಲ್ಲುತ್ತಾರೆ. ಒಂದು, ಪ್ರಾಥಮಿಕ ಚುನಾವಣೆ. ಮತ್ತೊಂದು, ಗಣ್ಯರು ಉಮೇದುವಾರನಿಗೆ ಬಹಿರಂಗವಾಗಿ ನೀಡುವ ಅನುಮೋದನೆ. ಮೊದಲನೆಯದಕ್ಕೆ ನಮ್ಮ ದೇಶದಲ್ಲಿ ಸರಿಸಮನಾದ ವ್ಯವಸ್ಥೆಯೇ ಇಲ್ಲವಾದುದರಿಂದ ಅದು ಅಪರಿಚಿತವಾಗಿ ತೋರುತ್ತದೆ. ಎರಡನೆಯದು ನಮ್ಮಲ್ಲಿ ಹೇರಳವಾಗಿ ಉಂಟು. ಆದರೆ ಅದನ್ನು ನಾವು ಚರಿತ್ರೆಯ ವಿಷಯವೆಂದು ಪರಿಗಣಿಸುವುದು ವಿರಳ. ಗಣ್ಯನೊಬ್ಬನು 'ಇವರಿಗೆ ಮತ ನೀಡಿರಿ' ಎಂದು ಹೇಳಿದಾಗ ನಿಜವಾಗಿ ಏನು ಸಂಭವಿಸುತ್ತದೆ? ಸಭೆಯಲ್ಲಿ ಜನರು ತೋರುವ ಉತ್ಸಾಹಕ್ಕೂ ಮತಪೆಟ್ಟಿಗೆಯಲ್ಲಿ ಕಾಣಬರುವ ತೀರ್ಪಿಗೂ ಇರುವ ಸಂಬಂಧವೆಂಥದು? ಈ ಪ್ರಶ್ನೆಗಳನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನೊಳಗೊಂಡ ಸೀಮೆಯ ಒಂದು ಪ್ರಸಿದ್ಧ ಚುನಾವಣೆಯ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಪೂರ್ವಭಾವಿಯಾಗಿ ಅಮೆರಿಕದ ಪದ್ಧತಿಯನ್ನು ಸ್ವಲ್ಪದರಲ್ಲಿ ವಿವರಿಸುವುದು ಅಗತ್ಯ.

ಅಧ್ಯಕ್ಷ ಪದವಿಗೆ ಪಕ್ಷದ ಉಮೇದುವಾರನು ಯಾರಾಗಬೇಕೆಂಬುದನ್ನು ಅಲ್ಲಿ ಬಹುಕಾಲ ಪಕ್ಷದ ಮುಖಂಡರೇ ಮಹಾಧಿವೇಶನದಲ್ಲಿ ಸೇರಿ ತೀರ್ಮಾನಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಧಾರಣಾವಾದಿಗಳು ಇದನ್ನು ವಿರೋಧಿಸಿ, ಆ ಆಯ್ಕೆಯಲ್ಲಿ ಸಾಮಾನ್ಯ ಮತದಾರನಿಗೂ ಪಾಲಿರಬೇಕೆಂದು ವಾದಿಸಿದರು. 1905ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಮಹಾಧಿವೇಶನದ ಪ್ರತಿನಿಧಿಗಳನ್ನು ಮತದಾರರೇ ಆರಿಸುವಂತೆ ಶಾಸನ ಮಾಡಿತು. ಆದರೂ ಮುಖಂಡರ ಹಿಡಿತ ಸುಲಭವಾಗಿ ಸಡಿಲಲಿಲ್ಲ. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ರಿಪಬ್ಲಿಕನ್ ಪಕ್ಷದ ಪ್ರಾಥಮಿಕ ಚುನಾವಣೆಗಳಲ್ಲಿ ಹೆಚ್ಚಿನವುಗಳನ್ನು ಗೆದ್ದರೂ ಪಕ್ಷದ ಮಹಾಧಿವೇಶನವು ಅಧಿಕಾರದಲ್ಲಿದ್ದ ಟ್ಯಾಫ್ಟರನ್ನೇ ಆರಿಸಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿಯವರು ಒಂದೇ ಒಂದು ಪ್ರಾಥಮಿಕ ಚುನಾವಣೆಗೂ ನಿಲ್ಲದೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರರಾದರು. ಆ ವರ್ಷ ಷಿಕಾಗೋ ನಗರದ ಅಧಿವೇಶನದ ಹೊರಗೂ ಒಳಗೂ ನಡೆದ ಗಲಭೆಯ ತರುವಾಯ ಪಕ್ಷದ ನಿಯಮಗಳು ತಿದ್ದುಪಡಿಯಾಗಿ, 1972ರಿಂದೀಚೆಗೆ ಸಂಸ್ಥಾನಗಳ ಮತದಾರರ ತೀರ್ಪೇ ಪ್ರಧಾನವಾಯಿತು. ಈಗಿನ ಪ್ರಾಥಮಿಕ ಚುನಾವಣೆಯ ಇತಿಹಾಸವು ಹೀಗೆ ಕೇವಲ ಅರ್ಧ ಶತಮಾನದ್ದು.

ಮುಖಂಡರ ಕೈಯಿಂದ ಆಯ್ಕೆಯ ಅಧಿಕಾರ ಜಾರಿದ ಮೇಲೆ ಅವರಿಗೆ ಉಳಿದುದು ಮಾತು. ತಮಗೆ ಒಪ್ಪಿಗೆಯಾದವರ ಪರವಾಗಿ ಬಹಿರಂಗವಾಗಿ ನುಡಿಯುವುದೇ ಅಲ್ಲಿಯ ಅನುಮೋದನೆ. ಅದರ ಫಲ ಎಷ್ಟು ಅನಿಶ್ಚಿತವೆಂಬುದಕ್ಕೆ ಮೂರು ನಿದರ್ಶನಗಳು ಸಾಕು. 2003ರ ಡಿಸೆಂಬರಿನಲ್ಲಿ ಮಾಜಿ ಉಪಾಧ್ಯಕ್ಷ ಆಲ್ ಗೋರರು ಹೋವರ್ಡ್ ಡೀನರನ್ನು ಅನುಮೋದಿಸಿದರು. ಮುಂದಿನ ತಿಂಗಳು ಅಯೋವಾ ಸಂಸ್ಥಾನದಲ್ಲಿ ಡೀನರಿಗೆ ದೊರೆತುದು ಮೂರನೆಯ ಸ್ಥಾನ. 2008ರ ಜನವರಿಯಲ್ಲಿ ಎಡ್ವರ್ಡ್ ಕೆನೆಡಿಯವರು ಬರಾಕ್ ಒಬಾಮರ ಬೆಂಬಲಕ್ಕೆ ನಿಂತರು. ದೇಶದಾದ್ಯಂತ ಅದು ದೊಡ್ಡ ಸುದ್ದಿಯಾಯಿತು. ಆದರೆ ಕೆನೆಡಿಯವರ ಸ್ವಂತ ಸಂಸ್ಥಾನವಾದ ಮ್ಯಾಸಚೂಸೆಟ್ಸ್‌ನಲ್ಲಿ ಕೆಲವೇ ದಿನಗಳ ಬಳಿಕ ಗೆದ್ದವರು ಹಿಲರಿ ಕ್ಲಿಂಟನ್. ಇವೆರಡಕ್ಕೂ ವಿರುದ್ಧವಾದುದು 2020ರ ಪ್ರಸಂಗ. ಸೌತ್ ಕೆರೊಲಿನದ ಹಿರಿಯ ಕರಿಯ ಮುಖಂಡರಾದ ಜೇಮ್ಸ್ ಕ್ಲೈಬರ್ನರು ಮತದಾನಕ್ಕೆ ಮೂರು ದಿನ ಮುಂಚೆ ಜೋ ಬೈಡನರನ್ನು ಅನುಮೋದಿಸಿದರು. ಅಲ್ಲಿಯವರೆಗೆ ಸೋಲುತ್ತಲೇ ಬಂದಿದ್ದ ಬೈಡನರು ಆ ಸಂಸ್ಥಾನವನ್ನು ಭಾರೀ ಅಂತರದಿಂದ ಗೆದ್ದರು. ಕೆನೆಡಿಯವರ ಹೆಸರು ಕ್ಲೈಬರ್ನರ ಹೆಸರಿಗಿಂತ ಸಣ್ಣದೆಂದು ಯಾರೂ ಹೇಳಲಾರರು. ಕ್ಲೈಬರ್ನರ ಮಾತು ಫಲಿಸಿದುದು, ಅವರ ಜನರು ಆ ಮೊದಲೇ ಅರೆಮನಸ್ಸಿನಿಂದ ಒಲಿದಿದ್ದ ಕಡೆಗೇ ಆ ಮಾತು ಬೆರಳು ತೋರಿದುದರಿಂದ ಎಂದು ನಮಗೆ ತೋರುತ್ತದೆ. ಅನುಮೋದನೆಯನ್ನು ಹಕ್ಕುಪತ್ರವೆಂದು ಭಾವಿಸದೆ ಸಾಕ್ಷ್ಯವೆಂದು ಭಾವಿಸಿದರೆ ಇಂಥ ವಿಪರೀತಗಳು ಅರ್ಥವಾಗುತ್ತವೆ. ಸಾಕ್ಷಿಯು ಹೇಳಿದುದನ್ನು ನಂಬುವುದು ಬಿಡುವುದು ಕೇಳುವವರ ಅಧಿಕಾರ.

ನಮ್ಮ ದೇಶದ ರಾಷ್ಟ್ರಪತಿಯ ಚುನಾವಣೆಗೆ ಇಂಥ ಪೂರ್ವಪರೀಕ್ಷೆ ಇಲ್ಲ. ಮತದಾರರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ಆದರೂ ಉಮೇದುವಾರನ ಆಯ್ಕೆಯೇ ಒಂದು ಕದನವಾದ ಸಂದರ್ಭ ಒಮ್ಮೆ ಒದಗಿತು. ಅದರ ರಂಗಭೂಮಿ ಬೆಂಗಳೂರು. 1969ರ ಮೇ ತಿಂಗಳಲ್ಲಿ ಡಾ. ಜಾಕಿರ್ ಹುಸೇನರು ನಿಧನರಾದ ಬಳಿಕ, ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಸಂಸದೀಯ ಮಂಡಳಿ ಸೇರಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಬಹುಮತವು ನೀಲಂ ಸಂಜೀವರೆಡ್ಡಿಯವರ ಕಡೆಗಾಯಿತು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ಬಳ್ಳಾರಿ ಜಿಲ್ಲೆಯ ಹಲವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು. ಇಂದಿರಾ ಗಾಂಧಿಯವರು ರೆಡ್ಡಿಯವರ ನಾಮಪತ್ರಕ್ಕೆ ರುಜು ಹಾಕಿದರು; ಆದರೆ ಚುನಾವಣೆ ಸಮೀಪಿಸಿದಾಗ ಸದಸ್ಯರು ಅಂತಃಸಾಕ್ಷಿಯಂತೆ ಮತ ನೀಡಲೆಂಬ ಕೂಗು ಅವರ ಪಾಳೆಯದಿಂದಲೇ ಎದ್ದಿತು. ಇತ್ತ ನಿಜಲಿಂಗಪ್ಪನವರು ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ದೊರಕಿಸಲು ಸ್ವತಂತ್ರ ಪಕ್ಷದ ಮತ್ತು ಜನಸಂಘದ ಮುಖಂಡರೊಡನೆ ಮಾತನಾಡಿದುದು ರೆಡ್ಡಿಯವರಿಗೇ ಮುಳುವಾಯಿತು. ಬೆಂಬಲವನ್ನು ಹುಡುಕಿ ಹೋದುದೇ ಆಪಾದನೆಗೆ ಆಸ್ಪದವಾದ ಉದಾಹರಣೆಯಿದು. ಆಗಸ್ಟ್ 20 ರಂದು ಎಣಿಕೆಯಾದಾಗ, ಎರಡನೆಯ ಪ್ರಾಶಸ್ತ್ಯಗಳನ್ನು ಸೇರಿಸಿ ವಿ. ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂದಿತು. ಕಾಗದದ ಮೇಲಿನ ರುಜುವಿಗೂ ಮನಸ್ಸಿನ ಒಪ್ಪಿಗೆಗೂ ಎಷ್ಟು ದೂರವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ನಮ್ಮ ಆಧುನಿಕ ಚರಿತ್ರೆಯಲ್ಲಿ ದುರ್ಲಭ.

ಅಮೆರಿಕದಲ್ಲಾಗಲಿ 1969ರ ರಾಷ್ಟ್ರಪತಿ ಚುನಾವಣೆಯಲ್ಲಾಗಲಿ ಅನುಮೋದನೆಯ ಫಲವನ್ನು ನಾವು ದೂರದಿಂದ ನೋಡುತ್ತೇವೆ. ಹಳ್ಳಿ ಪಟ್ಟಣಗಳ ಸಾಮಾನ್ಯ ಮತದಾರನ ಮಟ್ಟಕ್ಕೆ ಇಳಿದು ನೋಡಬೇಕಾದರೆ 1999ರ ಬಳ್ಳಾರಿ ಲೋಕಸಭಾ ಚುನಾವಣೆಗಿಂತ ಅನುಕೂಲವಾದ ಪ್ರಸಂಗ ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ.

ಈ ಸೀಮೆಗೆ ಅನುಮೋದನೆಯ ರಾಜಕೀಯ ಹೊಸದೇನೂ ಅಲ್ಲ. 1529ರಲ್ಲಿ ಕೃಷ್ಣದೇವರಾಯನು ತೀರಿಕೊಂಡಾಗ ಅವನು ತನ್ನ ಉತ್ತರಾಧಿಕಾರಿಯೆಂದು ಸೂಚಿಸಿದ್ದುದು ಅಚ್ಯುತರಾಯನನ್ನು. ಅಳಿಯ ರಾಮರಾಯನು ಎತ್ತಿಹಿಡಿದುದು ಕೃಷ್ಣದೇವರಾಯನ ಎಳೆಯ ಮಗನನ್ನು. ಅಚ್ಯುತನು ತಿರುಪತಿಯಲ್ಲಿ, ಕಾಳಹಸ್ತಿಯಲ್ಲಿ, ಕೊನೆಗೆ ವಿಜಯನಗರದಲ್ಲಿ ಹೀಗೆ ಮತ್ತೆ ಮತ್ತೆ ಪಟ್ಟಾಭಿಷಿಕ್ತನಾದುದನ್ನು ಚರಿತ್ರಕಾರರು ಭಕ್ತಿಯ ದೃಷ್ಟಿಯಿಂದ ವಿವರಿಸುವುದುಂಟು. ದೇವರ ಮತ್ತು ನಾಯಕರ ಒಪ್ಪಿಗೆಯನ್ನು ಲೋಕಕ್ಕೆ ತೋರಿಸಬೇಕಾದ ತುರ್ತು ಅವನಿಗಿತ್ತೆಂಬುದನ್ನೂ ನಾವು ಮರೆಯಬಾರದು. ಹಂಪಿಯ ಪೇಟೆಯ ಜನರನ್ನು ಆಗ ಯಾರೂ ಕೇಳಲಿಲ್ಲ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಹೊಸಪೇಟೆ ಪ್ರದೇಶವು 1952ರ ಪ್ರಥಮ ಮಹಾಚುನಾವಣೆಯಲ್ಲಿ ಮದರಾಸು ರಾಜ್ಯದ ಭಾಗವಾಗಿಯೇ ಮತ ನೀಡಿತು. 1953ರ ಅಕ್ಟೋಬರ್ 1 ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ವರ್ಷವೇ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯಿತು. ಕಂಪ್ಲಿಯ ಸುತ್ತಿನ ನೆಲ ಬತ್ತಕ್ಕೂ ಕಬ್ಬಿಗೂ ಒಗ್ಗಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ನೆಲೆಗೊಂಡವು. ಹೊಸಪೇಟೆಯು ಸಕ್ಕರೆ ಕಾರ್ಖಾನೆಯ, ರೈಲ್ವೆಯ, ಅದಿರಿನ ವ್ಯಾಪಾರದ ಪಟ್ಟಣವಾಗಿ ಬೆಳೆಯಿತು. ಸಂಡೂರು ಮಾತ್ರ 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು, ಅನಂತರವೂ ಆ ಮನೆತನದ ಮಾತಿಗೆ ತೂಕವಿದ್ದ ಊರು. ಆ ತೂಕ ಬರಿಯ ರಾಜವೈಭವದಿಂದ ಬಂದುದಲ್ಲ. ಕುಮಾರಸ್ವಾಮಿ ಬೆಟ್ಟದ ದೇವಾಲಯವನ್ನು 1932ರಲ್ಲೇ ಹರಿಜನರಿಗೆ ತೆರೆದ ಸಂಸ್ಥಾನವದು; ಗಾಂಧೀಜಿಯವರ ಪ್ರಶಂಸೆಗೆ ಪಾತ್ರವಾದುದು. ಹೀಗೆ ನೆಲ, ನೀರು, ಅದಿರು, ದೇವಾಲಯ ಇವುಗಳ ನಡುವೆ ಬದುಕುವ ಜನ, ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳನ್ನಾಡುವ ಜನ, ಒಂದೇ ಮತಕ್ಷೇತ್ರದಲ್ಲಿ ಸೇರಿದ್ದರು.

ಈ ಕ್ಷೇತ್ರವು 1952ರಿಂದ 1999ರವರೆಗೆ ಕಾಂಗ್ರೆಸ್ಸಿನವರನ್ನಲ್ಲದೆ ಬೇರೆಯವರನ್ನು ಆರಿಸಲಿಲ್ಲ. ಮೊದಲ ಮೂರು ಚುನಾವಣೆಗಳಲ್ಲಿ ಟೇಕೂರು ಸುಬ್ರಹ್ಮಣ್ಯಂ ಅವರು ಗೆದ್ದರು. ಅನಂತರ ಹೊರಗಿನವರೂ ಅರ್ಥಶಾಸ್ತ್ರಜ್ಞರೂ ಆದ ಡಾ. ವಿ. ಕೆ. ಆರ್. ವಿ. ರಾವ್ ಅವರು ಎರಡು ಬಾರಿ ಆಯ್ಕೆಯಾದರು. 1980ರಲ್ಲಿ ಆರ್. ವೈ. ಘೋರ್ಪಡೆಯವರು, ಆ ಬಳಿಕ ಬಸವರಾಜೇಶ್ವರಿಯವರು, 1996 ಮತ್ತು 1998ರಲ್ಲಿ ಕೆ. ಸಿ. ಕೊಂಡಯ್ಯನವರು ಗೆದ್ದರು. ರಾವ್ ಅವರ ಹೆಸರನ್ನು ಇಲ್ಲಿ ವಿಶೇಷವಾಗಿ ನೆನೆಯುವುದೇಕೆಂದರೆ, ಪಕ್ಷವು ಹೊರಗಿನಿಂದ ಕಳುಹಿಸಿದವರನ್ನು ಒಪ್ಪಿಕೊಳ್ಳುವ ರೂಢಿ ಈ ಕ್ಷೇತ್ರದಲ್ಲಿ 1999ಕ್ಕಿಂತ ಬಹು ಹಿಂದೆಯೇ ಬೇರೂರಿತ್ತು. ಪಕ್ಷದ ಗುರುತೇ ಇಲ್ಲಿ ಅತಿ ದೊಡ್ಡ ಅನುಮೋದನೆಯಾಗಿತ್ತು.

1999ರ ಏಪ್ರಿಲ್ 17 ರಂದು ವಾಜಪೇಯಿಯವರ ಸರ್ಕಾರವು ಲೋಕಸಭೆಯಲ್ಲಿ ಒಂದು ಮತದಿಂದ ಬಿದ್ದಿತು. ಮೇ ತಿಂಗಳಲ್ಲಿ ಶರದ್ ಪವಾರ್, ಪಿ. ಎ. ಸಂಗ್ಮಾ, ತಾರಿಕ್ ಅನ್ವರ್ ಅವರು ವಿದೇಶದಲ್ಲಿ ಹುಟ್ಟಿದವರು ಪ್ರಧಾನಿಯಾಗಬಾರದೆಂದು ತಮ್ಮ ಅಧ್ಯಕ್ಷೆಯ ವಿರುದ್ಧವೇ ಪ್ರಶ್ನೆಯೆತ್ತಿ ಕಾಂಗ್ರೆಸ್ಸಿನಿಂದ ಉಚ್ಚಾಟಿತರಾದರು. ಪ್ರಾಥಮಿಕ ಚುನಾವಣೆಯ ಪದ್ಧತಿಯಿದ್ದಿದ್ದರೆ ಪಕ್ಷದ ಸಾಮಾನ್ಯ ಬೆಂಬಲಿಗರ ಮುಂದೆ ಇತ್ಯರ್ಥವಾಗಬೇಕಾಗಿದ್ದ ಆ ವಿವಾದವು, ಅದಿಲ್ಲದ ಕಾರಣ ಮತಕ್ಷೇತ್ರದ ಬಾಗಿಲಿಗೇ ಬಂದಿತು. ಸೋನಿಯಾ ಗಾಂಧಿಯವರು ಅಮೇಥಿಯೊಡನೆ ದಕ್ಷಿಣದ ಒಂದು ಕ್ಷೇತ್ರದಿಂದಲೂ ನಿಲ್ಲುವರೆಂದು ಸುದ್ದಿಯಿತ್ತು. ಆಂಧ್ರದ ಕಡಪದ ಹೆಸರು ಕೇಳಿಬರುತ್ತಿತ್ತು. ಆಗಸ್ಟ್ 18 ರಂದು ಅವರು ಹೈದರಾಬಾದಿನ ಮಾರ್ಗವಾಗಿ ಬಳ್ಳಾರಿಗೆ ಬಂದಿಳಿದು ನಾಮಪತ್ರ ಸಲ್ಲಿಸಿದರು. ಅದೇ ದಿನ ಭಾರತೀಯ ಜನತಾ ಪಕ್ಷದಿಂದ ಸುಷ್ಮಾ ಸ್ವರಾಜರೂ ನಾಮಪತ್ರ ಸಲ್ಲಿಸಿದರು. ಸುಷ್ಮಾ ಅವರು ಹರಿಯಾಣದವರು. ದಕ್ಷಿಣ ದೆಹಲಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. 1998ರಲ್ಲಿ ಕೆಲವು ವಾರ ದೆಹಲಿಯ ಮುಖ್ಯಮಂತ್ರಿಯಾಗಿದ್ದವರು. ಅಂದರೆ ಇಬ್ಬರೂ ಈ ಸೀಮೆಗೆ ಸಮಾನವಾಗಿ ಹೊಸಬರು.

ಇಲ್ಲಿ ಕಾನೂನಿನ ಒಂದು ಅಂಶವನ್ನು ವಾಚಕರ ಗಮನಕ್ಕೆ ತರಬೇಕು. ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರನು ಸಾಮಾನ್ಯ ಕ್ಷೇತ್ರವೊಂದರಿಂದ ಸ್ಪರ್ಧಿಸಬಹುದು. ಮನ್ನಣೆ ಪಡೆದ ಪಕ್ಷದ ಉಮೇದುವಾರನ ನಾಮಪತ್ರಕ್ಕೆ ಆ ಕ್ಷೇತ್ರದ ಒಬ್ಬ ಮತದಾರನು ಸೂಚಕನಾಗಿ ರುಜು ಹಾಕಿದರೆ ಸಾಕು. ಲಕ್ಷಾಂತರ ಜನರ ಪ್ರತಿನಿಧಿಯಾಗಬೇಕಾದವರಿಗೆ ಆ ನೆಲದಿಂದ ಕಾನೂನು ಬೇಡುವ ಪೂರ್ವಾನುಮೋದನೆ ಒಂದೇ ಒಂದು ರುಜು. ಅಯೋವಾದ ರೈತನು ಚಳಿಗಾಲದ ಸಂಜೆ ಸಭೆಗೆ ಹೋಗಿ ತನ್ನ ಪಕ್ಷದ ಉಮೇದುವಾರರಲ್ಲಿ ಒಬ್ಬನನ್ನು ಆರಿಸುತ್ತಾನೆ. ಕಂಪ್ಲಿಯ ರೈತನಿಗೆ ಆ ಅವಕಾಶ ಇರಲಿಲ್ಲ. ಅವನ ಪಾಲಿಗೆ ಉಳಿದುದು, ಬಂದವರನ್ನು ನೋಡಿ ಪ್ರತಿಕ್ರಿಯಿಸುವುದು ಮಾತ್ರ. ನಮ್ಮ ಚುನಾವಣೆಗಳಲ್ಲಿ ಸಭೆ, ಮೆರವಣಿಗೆ, ಹಾರ ತುರಾಯಿಗಳಿಗೆ ಇಷ್ಟೊಂದು ಪ್ರಾಮುಖ್ಯ ಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಆಯ್ಕೆಯಲ್ಲಿ ಪಾಲಿಲ್ಲದವರು ಸ್ವಾಗತದಲ್ಲಾದರೂ ಪಾಲನ್ನು ಬಯಸುತ್ತಾರೆ. ಸ್ವಾಗತವನ್ನು ಕಂಡ ಪಕ್ಷದವರು ಅದನ್ನೇ ಆಯ್ಕೆಯೆಂದು ಕರೆಯುತ್ತಾರೆ.

ಪ್ರಚಾರವು ದೇಶದ ಗಮನವನ್ನೆಲ್ಲ ಸೆಳೆಯಿತು. ಸುಷ್ಮಾ ಸ್ವರಾಜರು ಕೆಲವೇ ದಿನಗಳಲ್ಲಿ ಕನ್ನಡವನ್ನು ಅಭ್ಯಾಸಮಾಡಿ ಸಭೆಗಳಲ್ಲಿ ಕನ್ನಡದಲ್ಲಿ ಮಾತನಾಡಿದುದು ಇಂದಿಗೂ ಈ ಕಡೆಯ ಜನರ ಬಾಯಲ್ಲಿರುವ ಸಂಗತಿ. ಅವರಿಗಾಗಿ ಪ್ರಧಾನಿ ವಾಜಪೇಯಿಯವರು ಬಂದರು. ಸೋನಿಯಾ ಅವರಿಗಾಗಿ ಮಗಳು ಪ್ರಿಯಾಂಕಾ ಬಂದರು. ಇವೆರಡೂ ಅನುಮೋದನೆಗಳೇ, ಆದರೆ ಜಾತಿ ಬೇರೆ. ಪ್ರಧಾನಿಯ ಆಗಮನವು ಪಕ್ಷದ ಮತ್ತು ಅಧಿಕಾರದ ಸಾಕ್ಷ್ಯ; ಮಗಳ ಆಗಮನವು ಮನೆತನದ ಸಾಕ್ಷ್ಯ, ಇಂದಿರಾ ಗಾಂಧಿಯವರ ಸ್ಮರಣೆಯನ್ನು ಕಣ್ಣೆದುರಿಗೆ ತರುವಂಥದು. ಇವೆರಡಕ್ಕೂ ಹೊರತಾದುದು ಭಾಷೆಯ ಪ್ರಯೋಗ. ಕನ್ನಡದಲ್ಲಿ ನುಡಿದ ಉಮೇದುವಾರಳು ಮಧ್ಯಸ್ಥರ ಜಾಮೀನನ್ನು ಬಿಟ್ಟು ನೇರವಾಗಿ ಜನರ ಒಪ್ಪಿಗೆಯನ್ನು ಬೇಡಿದಂತಾಯಿತು. ನಮ್ಮ ಹಳ್ಳಿಗಳಲ್ಲಿ ವೀಳ್ಯವನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸುವುದಕ್ಕೂ ತಾನೇ ಬಂದು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸುಷ್ಮಾ ಅವರ ಪಕ್ಷವು ಸ್ಪರ್ಧೆಯನ್ನು ಸ್ವದೇಶದ ಮಗಳಿಗೂ ವಿದೇಶದ ಸೊಸೆಗೂ ನಡೆದ ಸ್ಪರ್ಧೆಯೆಂದು ಬಣ್ಣಿಸಿತು. ದೆಹಲಿಯಲ್ಲಿ ರೂಪುಗೊಂಡ ಈ ಹೋಲಿಕೆ ತುಂಗಭದ್ರೆಯ ದಡದಲ್ಲಿ ಅದೇ ಅರ್ಥವನ್ನು ಕೊಡುವುದೇ ಎಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ನಮ್ಮ ಸಂಸಾರಗಳಲ್ಲಿ ಮಗಳು ಕೊಟ್ಟ ಮನೆಗೆ ಸೇರಿದವಳು. ಸೊಸೆ ತಂದ ಮನೆಗೆ ಸೇರಿದವಳು. ಎಲ್ಲಿಂದಲೇ ಬಂದಿರಲಿ, ಹೊಸ್ತಿಲಿನ ಸೇರನ್ನು ಒದ್ದು ಒಳಗೆ ಬಂದ ಮೇಲೆ ಅವಳು ಆ ಮನೆಯವಳೇ. ವಿಧವೆಯಾದ ಸೊಸೆಯನ್ನು ಹೊರಗಿನವಳೆಂದು ಕರೆಯುವುದು ನಮ್ಮ ಹೆಂಗಸರ ಕಿವಿಗೆ ಒಪ್ಪುವ ಮಾತಲ್ಲ. ಈ ಹೋಲಿಕೆಯು ಸೋನಿಯಾ ಅವರಿಗೆ ಕೇಡಿನಷ್ಟೇ ಮೇಲನ್ನೂ ಮಾಡಿರಬಹುದೆಂಬುದು ನಮ್ಮ ಊಹೆ. ಊಹೆಯನ್ನು ಊಹೆಯೆಂದೇ ಹೇಳುತ್ತಿದ್ದೇವೆ.

ಅಕ್ಟೋಬರ್ 6 ರಂದು ಎಣಿಕೆಯಾಯಿತು. ಸೋನಿಯಾ ಗಾಂಧಿಯವರಿಗೆ 4,14,650 ಮತಗಳು, ಸುಷ್ಮಾ ಸ್ವರಾಜರಿಗೆ 3,58,550 ಮತಗಳು, ಅಂತರ 56,100. ಶೇಕಡಾ ಲೆಕ್ಕದಲ್ಲಿ ಸುಮಾರು 51.7 ಮತ್ತು 44.7. ಗೆಲುವು ಗೆಲುವೇ. ಆದರೆ ಅರ್ಧ ಶತಮಾನ ಒಂದೇ ಪಕ್ಷದ ಕೈಯಲ್ಲಿದ್ದ ಕ್ಷೇತ್ರದಲ್ಲಿ, ಮತದಾನಕ್ಕೆ ಮೂರು ವಾರ ಕೂಡ ಇಲ್ಲದಿದ್ದಾಗ ಬಂದು ನಿಂತವರೊಬ್ಬರು ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಮತಗಳನ್ನು ಪಡೆದುದನ್ನು ಸೋಲೆಂಬ ಒಂದೇ ಶಬ್ದದಲ್ಲಿ ಮುಗಿಸಿಬಿಡುವುದು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು. ಸಭೆಗಳಲ್ಲಿ ಕಂಡ ಪ್ರೀತಿಯು ಸುಳ್ಳಾಗಿರಲಿಲ್ಲ. ಅದು ಹಳೆಯ ನಿಷ್ಠೆಯನ್ನು ಆ ಬಾರಿಗೆ ಮೀರಲಿಲ್ಲ, ಅಷ್ಟೆ.

ಮುಂದೆ ನಡೆದುದು ಇನ್ನೂ ವಿಚಾರಾರ್ಹ. ಎರಡು ಕ್ಷೇತ್ರಗಳಲ್ಲಿ ಗೆದ್ದವರು ಒಂದನ್ನು ಬಿಡಲೇಬೇಕೆಂಬುದು ನಿಯಮ. ಸೋನಿಯಾ ಗಾಂಧಿಯವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು. ಹೀಗೆ 4,14,650 ಮತದಾರರು ಯಾರನ್ನು ಅನುಮೋದಿಸಿದ್ದರೋ ಅವರು ಅವರ ಪ್ರತಿನಿಧಿಯಾಗಿ ಉಳಿಯಲಿಲ್ಲ. ಸೋತವರಾದರೋ ಅನೇಕ ವರ್ಷಗಳ ಕಾಲ ಶ್ರಾವಣದ ವರಮಹಾಲಕ್ಷ್ಮಿಯ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಇದು ಕಾನೂನಿಗೆ ವಿರುದ್ಧವಲ್ಲ. ರಾಜಕೀಯದಲ್ಲಿ ಅಪೂರ್ವವೂ ಅಲ್ಲ. ಆದರೂ ಅನುಮೋದನೆಯೆಂಬುದು ಕೊಟ್ಟವರನ್ನು ಮಾತ್ರ ಕಟ್ಟುವುದೋ, ಪಡೆದವರನ್ನೂ ಕಟ್ಟುವುದೋ ಎಂಬ ಪ್ರಶ್ನೆ ಇಲ್ಲಿ ಉದ್ಭವಿಸುತ್ತದೆ. ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಹೊಸಪೇಟೆಯ ಕಾರ್ಮಿಕನಿಗೂ ಸಂಡೂರಿನ ಗಣಿಗಾರನಿಗೂ ಉಂಟು.

ಹೋಲಿಕೆಗೆ 1978ರ ಚಿಕ್ಕಮಗಳೂರನ್ನು ನೋಡಬಹುದು. ಡಿ. ಬಿ. ಚಂದ್ರೇಗೌಡರು ತೆರವುಮಾಡಿದ ಸ್ಥಾನಕ್ಕೆ ಆ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಅಲ್ಲಿ ಗೆದ್ದವರು ಹೊರಗಿನವರು. ಸೋತವರು ಕರ್ನಾಟಕದವರೇ ಆದ ಮಾಜಿ ಮುಖ್ಯಮಂತ್ರಿಗಳು. ಸ್ಥಳೀಯತೆಯೊಂದೇ ನಿರ್ಣಾಯಕವಾಗಿದ್ದರೆ ಫಲಿತಾಂಶ ಬೇರೆಯಾಗಬೇಕಾಗಿತ್ತು. ಮುಖ್ಯಮಂತ್ರಿ ದೇವರಾಜ ಅರಸರ ಬೆಂಬಲ ಅಲ್ಲಿ ಫಲಿಸಿತೆಂದು ಹೇಳುವುದು ವಾಡಿಕೆ. ಭೂಸುಧಾರಣೆಯಿಂದಲೂ ಹಿಂದುಳಿದ ವರ್ಗಗಳ ಮೀಸಲಾತಿಯಿಂದಲೂ ಅರಸರ ಮಾತಿಗೆ ಬಲ ಬಂದಿತ್ತೆಂಬುದನ್ನು ಸೇರಿಸಿ ಹೇಳಿದರೆ ಆ ವಾಡಿಕೆಯ ಮಾತು ಪೂರ್ಣವಾಗುತ್ತದೆ. ಅದೇ ಅರಸರು ಮರುವರ್ಷ ಇಂದಿರಾ ಅವರಿಂದ ಬೇರೆಯಾಗಿ, 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನೆಲಕಚ್ಚಿದರು. ಮಾತಿನ ಬಲ ಆಡುವವನ ಆಸ್ತಿಯಲ್ಲವೆಂಬುದಕ್ಕೆ ಇದೂ ಒಂದು ಪ್ರಮಾಣ.

ಬಳ್ಳಾರಿಗೆ ಮರಳೋಣ. 2004ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಜಿ. ಕರುಣಾಕರ ರೆಡ್ಡಿಯವರು ಗೆದ್ದು, 1952ರಿಂದ ಬಂದ ಸರಪಣಿ ಕಡಿಯಿತು. 2009ರಲ್ಲಿ ಜೆ. ಶಾಂತಾ, 2014ರಲ್ಲಿ ಬಿ. ಶ್ರೀರಾಮುಲು ಅದೇ ಪಕ್ಷದಿಂದ ಗೆದ್ದರು. 1999ರ ಸಭೆಗಳ ಉತ್ಸಾಹವು ಐದು ವರ್ಷ ತಡವಾಗಿ ಮತಪೆಟ್ಟಿಗೆಯನ್ನು ತಲುಪಿತೆಂದು ಹೇಳಲು ಮನಸ್ಸಾಗುತ್ತದೆ. ಅದರಲ್ಲಿ ಸತ್ಯಾಂಶವೂ ಇದೆ. ಆ ಸ್ಪರ್ಧೆಯಿಂದ ಆ ಪಕ್ಷಕ್ಕೆ ಹಳ್ಳಿಹಳ್ಳಿಗಳಲ್ಲಿ ಕಾರ್ಯಕರ್ತರು ದೊರೆತರು. ಒಮ್ಮೆ ಬೇರೆ ಗುರುತಿಗೆ ಮತ ನೀಡಿದ ಕೈಗೆ ಎರಡನೆಯ ಬಾರಿ ಸಂಕೋಚವಿರುವುದಿಲ್ಲ. ಆದರೆ ಇದೊಂದೇ ಕಾರಣವೆಂದರೆ ತಪ್ಪಾದೀತು. ಆ ವರ್ಷಗಳಲ್ಲಿ ಚೀನದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿ, ಸಂಡೂರು ಹೊಸಪೇಟೆಗಳ ದಾರಿಗಳಲ್ಲಿ ಲಾರಿಗಳ ಸಾಲು ಮುಗಿಯದಂತಾಯಿತು. ಅದಿರಿನ ಹಣವು ಹೊಸ ಬಗೆಯ ಗಣ್ಯರನ್ನು ಸೃಷ್ಟಿಸಿತು. ಮಠ, ಅರಮನೆ, ಗೌಡಿಕೆಗಳಿಂದ ಬರುತ್ತಿದ್ದ ಅನುಮೋದನೆಯ ಪಕ್ಕದಲ್ಲಿ ಗಣಿಯ ಅನುಮೋದನೆಯೂ ಬಂದು ಕುಳಿತಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು, 2011ರ ಜುಲೈ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಸರ್ವೋಚ್ಚ ನ್ಯಾಯಾಲಯದ ಆಜ್ಞೆ, ಇವುಗಳನ್ನು ಬದಿಗಿಟ್ಟು ಆ ಕಾಲದ ಮತಗಳನ್ನು ಅರ್ಥೈಸಲು ಬರುವುದಿಲ್ಲ.

ಸಂಡೂರಿನ ಚರಿತ್ರೆಯಲ್ಲೂ ಈ ಪರಿವರ್ತನೆ ಕಾಣಬರುತ್ತದೆ. ಘೋರ್ಪಡೆ ಮನೆತನದ ಎಂ. ವೈ. ಘೋರ್ಪಡೆಯವರು 1999ರ ಅಕ್ಟೋಬರಿನಲ್ಲಿ ಬಂದ ಎಸ್. ಎಂ. ಕೃಷ್ಣರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ರಾಜ್ಯ ಸಚಿವರಾದರು. ಕಾಲು ಶತಮಾನದ ಬಳಿಕ, 2024ರಲ್ಲಿ, ಬಳ್ಳಾರಿಯ ಲೋಕಸಭಾ ಸ್ಥಾನವನ್ನು ಕಾಂಗ್ರೆಸ್ಸಿಗೆ ಮರಳಿ ತಂದವರು ಸಂಡೂರಿನಿಂದ ನಾಲ್ಕು ಬಾರಿ ವಿಧಾನಸಭೆಗೆ ಆರಿಸಿಬಂದಿದ್ದ ಇ. ತುಕಾರಾಂ. 2009ರಿಂದ ಈ ಕ್ಷೇತ್ರವು ಪರಿಶಿಷ್ಟ ಪಂಗಡದವರಿಗೆ ಮೀಸಲಾಗಿರುವುದರಿಂದ 1999ರಂಥ ಸ್ಪರ್ಧೆ ಇಲ್ಲಿ ಮತ್ತೆ ನಡೆಯುವ ಮಾರ್ಗವೇ ಮುಚ್ಚಿದೆ. ಆದರೆ ತೆರವಾದ ಸಂಡೂರಿನ ಸ್ಥಾನಕ್ಕೆ ಅದೇ ವರ್ಷದ ನವೆಂಬರಿನಲ್ಲಿ ಉಪಚುನಾವಣೆ ನಡೆದು ತುಕಾರಾಂ ಅವರ ಪತ್ನಿ ಇ. ಅನ್ನಪೂರ್ಣ ಅವರು ಗೆದ್ದರು. ಮನೆತನವೆಂಬ ಅನುಮೋದನೆಯ ಆಯುಸ್ಸು ಇನ್ನೂ ಮುಗಿದಿಲ್ಲ. ಅರಮನೆಯಿಂದ ಹೊರಟು ಬೇರೆ ಮನೆಗಳನ್ನು ಸೇರಿದೆ.

ಈ ವಿಷಯದಲ್ಲಿ ಸಂಶೋಧನೆ ಮಾಡಲಿಚ್ಛಿಸುವ ವಿದ್ಯಾರ್ಥಿಗಳಿಗೆ ಆಧಾರಗಳನ್ನು ಕುರಿತು ಒಂದೆರಡು ಮಾತು. ಪತ್ರಿಕೆಗಳಲ್ಲಿ ಬಂದ ಜನಸಂದಣಿಯ ವರ್ಣನೆಯನ್ನು ಮತದ ಸೂಚನೆಯೆಂದು ತೆಗೆದುಕೊಳ್ಳಬಾರದು. ಲಾರಿಗಳಲ್ಲಿ ಬಂದವರು, ಸಂತೆಗೆ ಬಂದವರು, ಹೆಲಿಕಾಪ್ಟರ್ ನೋಡಲು ಬಂದ ಮಕ್ಕಳು, ಎಲ್ಲರೂ ಆ ವರ್ಣನೆಯಲ್ಲಿ ಒಂದೇ ಸಂಖ್ಯೆಯಾಗಿ ಕರಗಿಹೋಗುತ್ತಾರೆ. ಹಂಪಿಯಂಥ ಸ್ಥಳದಲ್ಲಿ ಈ ಎಚ್ಚರ ಇನ್ನೂ ಅಧಿಕವಾಗಿರಬೇಕು. ವಿರೂಪಾಕ್ಷನ ಬೀದಿಯಲ್ಲಿ ಯಾವ ದಿನ ನೋಡಿದರೂ ಪರಸ್ಥಳದ ಯಾತ್ರಿಕರೇ ಹೆಚ್ಚು. ಅದಕ್ಕಿಂತ ದೃಢವಾದ ಆಧಾರ ವಿಧಾನಸಭಾ ವಿಭಾಗವಾರು ಮತಗಳ ಅಂತಿಮ ಪಟ್ಟಿ. ಹೊಸಪೇಟೆ, ಸಂಡೂರು ವಿಭಾಗಗಳ ಲೋಕಸಭಾ ಮತವನ್ನೂ ಅದೇ ವೇಳೆಗೆ ನಡೆದ ವಿಧಾನಸಭಾ ಚುನಾವಣೆಯ ಮತವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಪಕ್ಷಕ್ಕೆ ಸಂದುದೆಷ್ಟು, ವ್ಯಕ್ತಿಗೆ ಸಂದುದೆಷ್ಟು ಎಂಬುದನ್ನು ಒಂದು ಮಿತಿಯೊಳಗೆ ವಿಂಗಡಿಸಬಹುದು.

ಇವೆರಡಕ್ಕಿಂತಲೂ ಬೇಗ ನಾಶವಾಗುತ್ತಿರುವ ಆಧಾರವೆಂದರೆ ಕರಪತ್ರಗಳು. ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಕಲಮಿನಂತೆ ಚುನಾವಣೆಯ ಪ್ರತಿಯೊಂದು ಕರಪತ್ರದ ಮೇಲೂ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳಿರಬೇಕು; ಒಂದು ಪ್ರತಿಯನ್ನು ಅಧಿಕಾರಿಗಳಿಗೆ ಒಪ್ಪಿಸಬೇಕು. ಯಾರು ಯಾರನ್ನು ಅನುಮೋದಿಸಿದರು, ಯಾವ ಸಂಘದ ಹೆಸರಿನಲ್ಲಿ, ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ಎಂಬುದು ಆ ಹಾಳೆಗಳಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾಗಿ ಹೊಸಪೇಟೆ ಹಂಪಿಗಳು ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಆದುದರಿಂದ ಸರ್ಕಾರೀ ಕಡತಗಳಿಗಾಗಿ ಎರಡು ಜಿಲ್ಲಾ ಕಚೇರಿಗಳನ್ನು ವಿಚಾರಿಸಬೇಕಾದೀತು. ಹಳೆಯ ಮುದ್ರಣಾಲಯಗಳ ಅಟ್ಟಗಳನ್ನೂ, 1999ರಲ್ಲಿ ಊರೂರು ತಿರುಗಿದ ಕಾರ್ಯಕರ್ತರ ಮನೆಯ ಪೆಟ್ಟಿಗೆಗಳನ್ನೂ ಮೊದಲು ನೋಡುವುದು ಒಳ್ಳೆಯದು. ಅಂದು ಮೂವತ್ತರ ಪ್ರಾಯದಲ್ಲಿದ್ದವರಿಗೆ ಈಗ ಅರವತ್ತರ ಹತ್ತಿರ, ನೆನಪು ಇನ್ನೂ ಮಸುಕಾಗಿಲ್ಲ.